ಶಿವ ಬಂದಳು

"ಶಿವ ಬಂದಳು!"

ಭಾನುವಾರದ ಮಧ್ಯಾಹ್ನ, ಹಜಾರದಿಂದ ಅಕ್ಕನ ಮಗನ ಕೂಗು. ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕೂತಲ್ಲಿಂದಲೇ ತಿದ್ದಿದಳು: "ಬಂದಳು ಅಲ್ವೋ, ಬಂದ ಅನ್ನು."

"ಇಲ್ಲ ಅಜ್ಜಿ, ಬಂದಳೇ. ಬೇಕಾದ್ರೆ ನೋಡು ಬಾ."

ಅಮ್ಮ ಏಳಲಿಲ್ಲ, ನಾನು ಎದ್ದೆ. ಲ್ಯಾಪ್‌ಟಾಪಿನ ಪರದೆ ಪೂರ್ತಿ ಮಂಜು. ನೀಲಿ ಮೈಬಣ್ಣದ, ನೀಳ ಜಡೆಗಳ ಹೆಣ್ಣೊಬ್ಬಳು ಹಿಮದ ಹರಳುಗಳ ನಡುವೆ ಇಳಿದು ಬಂದಳು. ಎದುರಿಗಿದ್ದ ರಾಕ್ಷಸ ನಿಂತ ಹಾಗೇ ಹೆಪ್ಪುಗಟ್ಟಿದ. ಆಕೆ ಬೇಸರದಿಂದೆಂಬಂತೆ ಒಂದು ಚಿಟಿಕೆ ಹೊಡೆದಳು, ಅಷ್ಟೇ, ರಾಕ್ಷಸ ಚೂರುಚೂರು. ಅವಳ ಹೆಸರು ಶಿವ. ಆಟದ ಹೆಸರು ಫೈನಲ್ ಫ್ಯಾಂಟಸಿ, ಅದರ ಹತ್ತನೆಯ ಕಂತು, 2001ರದು.

ಜಪಾನಿ ಭಾಷೆಯ ಕ್ರಿಯಾಪದಕ್ಕೆ ಲಿಂಗವಿಲ್ಲ. ಇಂಗ್ಲಿಷಿನದಕ್ಕೂ ಇಲ್ಲ. ಆ ಎರಡು ಭಾಷೆಗಳಲ್ಲಿ ಆಡುವವನಿಗೆ ಶಿವ ಬಂದರೆ ಬಂದದ್ದಷ್ಟೆ. ನಮ್ಮ ಕ್ರಿಯಾಪದ ಮಾತ್ರ ಬಾಯಿಬಡುಕ. ಬಂದವನು ಗಂಡೋ ಹೆಣ್ಣೋ ಎಂದು ಊರಿಗೆಲ್ಲ ಸಾರದೆ ಅದರ ವಾಕ್ಯ ಮುಗಿಯುವುದಿಲ್ಲ. ಮೂವತ್ತು ವರ್ಷ ಮೀರಿ ಜಗತ್ತಿನಾದ್ಯಂತ ಮಕ್ಕಳು ಸಲೀಸಾಗಿ ಕರೆಯುತ್ತಿರುವ ಹೆಸರು ನಮ್ಮ ಹಜಾರಕ್ಕೆ ಬಂದಾಗ ವ್ಯಾಕರಣದ ಹೊಸ್ತಿಲಿಗೆ ಎಡವಿದ್ದು ಹೀಗೆ.

ಎಡವಿದ್ದು ನಾನೂ ಹೌದು. ಆಮೇಲಿನ ಕೆಲವು ವಾರ ಹುಡುಗನ ಪಕ್ಕದಲ್ಲಿ ಕೂತು ನಾನು ನೋಡಿದ್ದು ಆಟವನ್ನಲ್ಲ, ಹೆಸರುಗಳನ್ನು. ಇಫ್ರಿತ್, ಬಹಮುತ್, ಓಡಿನ್, ಲೆವಿಯಥನ್, ಗರುಡ, ತಿಯಾಮತ್. ಒಂದೊಂದರ ಬಾಲ ಹಿಡಿದು ಹೋದರೂ ಸಾವಿರಾರು ಮೈಲಿ ಆಚೆಯ ಯಾವುದೋ ಊರು ಸಿಗುತ್ತಿತ್ತು. ಅಲ್ಲಿ ಆ ಹೆಸರಿನವರು ಬೇರೆಯೇ ಕೆಲಸದಲ್ಲಿದ್ದರು.

ಮೊದಲ ಫೈನಲ್ ಫ್ಯಾಂಟಸಿ ಜಪಾನಿನಲ್ಲಿ ಬಿಡುಗಡೆಯಾದದ್ದು 1987ರ ಡಿಸೆಂಬರ್ 18ರಂದು. ಮಾಡಿದ್ದು ಸ್ಕ್ವೇರ್ ಕಂಪನಿ, ಮುಂದಾಳು ಹಿರೊನೊಬು ಸಕಗುಚಿ. ಆಗಿನ ಆಟ ಬರುತ್ತಿದ್ದುದು ನಾವು ಚಿಕ್ಕಂದಿನಲ್ಲಿ 'ವಿಡಿಯೋ ಗೇಮ್ ಕ್ಯಾಸೆಟ್' ಎನ್ನುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದರೊಳಗಿದ್ದ ಒಟ್ಟು ಜಾಗ 256 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಅದರಲ್ಲಿ ಹಿಡಿಸುವುದಿಲ್ಲ. ಒಂದು ಇಡೀ ಲೋಕ, ಅದರ ಊರು, ಸಮುದ್ರ, ಗುಹೆ, ಯುದ್ಧ, ಸಂಗೀತ ಎಲ್ಲ ಅಷ್ಟರಲ್ಲೇ ಅಡಗಬೇಕು. ಆಡುವವನು ತನ್ನ ನಾಯಕನಿಗೆ ಇಡಬಹುದಾಗಿದ್ದ ಹೆಸರು ಕೂಡ ನಾಲ್ಕೇ ಅಕ್ಷರದ್ದು. ಅಂಥ ಕಡೆ ಒಂದು ಡ್ರ್ಯಾಗನ್ನಿನ ಪೂರ್ವಕಥೆ ಬರೆಯಲು ತಾವೆಲ್ಲಿ? ಆದರೆ 'ತಿಯಾಮತ್' ಎಂಬ ಕೆಲವೇ ಕಟಕಾನ ಅಕ್ಷರ ಇಟ್ಟರೆ ಸಾಕು, ಅದರ ಹಿಂದೆ ಬ್ಯಾಬಿಲೋನಿನ ಒಂದು ಸಮುದ್ರವೇ ನಿಂತಿರುತ್ತದೆ. ಗೊತ್ತಿದ್ದವನಿಗೆ ಕಥೆ ಸಿಕ್ಕಿತು, ಗೊತ್ತಿಲ್ಲದವನಿಗೆ ಹೆಸರಿನ ಗಾಂಭೀರ್ಯವಾದರೂ ಸಿಕ್ಕಿತು. ಪುರಾಣದ ಹೆಸರೆಂದರೆ ಆ ಡಬ್ಬಿಯಲ್ಲಿ ಅತಿ ಅಗ್ಗಕ್ಕೆ ಸಿಗುತ್ತಿದ್ದ ಸಾಮಾನು.

ಹಾಗೆಂದು ಸ್ಕ್ವೇರ್‌ನವರು ಬ್ಯಾಬಿಲೋನಿನ ಮಣ್ಣಿನ ಹಲಗೆಗಳನ್ನು ಓದಿದ್ದರು ಎಂದುಕೊಳ್ಳಬೇಡಿ. ಅವರು ಸಾಲ ತಂದದ್ದು ಹತ್ತಿರದ ಅಂಗಡಿಯಿಂದ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಅದು. ಮೇಜಿನ ಸುತ್ತ ಕೂತು ಕಾಗದ, ಪೆನ್ಸಿಲು, ದಾಳ ಹಿಡಿದು ಆಡುವಂಥದು. ಅದರ ಕರ್ತೃಗಳಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಬರೆದ, 1977ರಲ್ಲಿ ಬಂದ ರಾಕ್ಷಸರ ಕೈಪಿಡಿಯಲ್ಲಿ ತಿಯಾಮತ್ ಐದು ತಲೆಯ ದುಷ್ಟ ಡ್ರ್ಯಾಗನ್, ಬಹಮುತ್ ಒಳ್ಳೆಯ ಡ್ರ್ಯಾಗನ್‌ಗಳ ದೊರೆ. ಬ್ಯಾಬಿಲೋನಿನ ಸೃಷ್ಟಿಕಾವ್ಯವಾದ ಏನುಮಾ ಎಲಿಶ್‌ನಲ್ಲಿ ತಿಯಾಮತ್ ಉಪ್ಪುನೀರಿನ ಆದಿಮಾತೆ. ಮಾರ್ದುಕ್ ದೇವ ಅವಳನ್ನು ಕೊಂದು, ದೇಹವನ್ನು ಎರಡಾಗಿ ಸೀಳಿ, ಒಂದು ಹೋಳಿನಿಂದ ಆಕಾಶ ಮಾಡುತ್ತಾನೆ. ಅಲ್ಲಿ ಐದು ತಲೆಯ ಮಾತಿಲ್ಲ. ಆ ತಲೆಗಳು ಅಮೆರಿಕದಲ್ಲಿ ಮೂಡಿದವು.

ನನ್ನನ್ನು ಬಹಳ ದಿನ ಕಾಡಿದ್ದು ಬಹಮುತ್.

ಫೈನಲ್ ಫ್ಯಾಂಟಸಿ ಆಡುವ ಯಾರನ್ನು ಕೇಳಿದರೂ ಬಹಮುತ್ ಎಂದರೆ ಡ್ರ್ಯಾಗನ್‌ಗಳ ರಾಜ, ಆಕಾಶದಿಂದ ಇಳಿದು ಬೆಂಕಿಯ ಮಹಾಜ್ವಾಲೆ ಉಗುಳುವವನು. ಈ ಹೆಸರಿನ ಬೇರು ಹೀಬ್ರೂ ಬೈಬಲಿನಲ್ಲಿದೆ. ಯೋಬನ ಗ್ರಂಥದ 40ನೆಯ ಅಧ್ಯಾಯದಲ್ಲಿ ದೇವರು ತನ್ನ ಸೃಷ್ಟಿಯ ಬೆರಗನ್ನು ತೋರಿಸಲು ಬೆಹೆಮೋತ್ ಎಂಬ ಪ್ರಾಣಿಯನ್ನು ವರ್ಣಿಸುತ್ತಾನೆ. ಎತ್ತಿನ ಹಾಗೆ ಹುಲ್ಲು ತಿನ್ನುವ, ಕಂಚಿನ ಕೊಳವೆಯಂಥ ಮೂಳೆಗಳ, ನದಿ ಉಕ್ಕಿ ಬಂದರೂ ಬೆದರದ ಪ್ರಾಣಿ. ನೀರಾನೆಯಿರಬೇಕು ಎಂದವರು ಅನೇಕರು. ಮುಂದಿನ ಅಧ್ಯಾಯದಲ್ಲೇ ಕಡಲಿನ ಲೆವಿಯಥನ್ ಬರುತ್ತದೆ. ನೆಲಕ್ಕೊಂದು, ನೀರಿಗೊಂದು ಎಂಬಂತೆ ಇವೆರಡೂ ಜೋಡಿ.

ಹೆಸರು ಅರಬ್ಬಿಗೆ ದಾಟಿತು. ಮಧ್ಯಯುಗದ ಅರಬ್ಬೀ ವಿಶ್ವವರ್ಣನೆಗಳಲ್ಲಿ ಬಹಮುತ್ ನೆಲದ ಪ್ರಾಣಿಯಲ್ಲ, ಅಳತೆಗೆ ಸಿಗದ ಮೀನು. ಭೂಮಿಯನ್ನು ಒಬ್ಬ ದೇವದೂತ ಹೆಗಲ ಮೇಲೆ ಹೊತ್ತಿದ್ದಾನೆ. ಅವನ ಕಾಲಡಿ ಮಾಣಿಕ್ಯದ ಬಂಡೆ, ಬಂಡೆಯಡಿ ಒಂದು ಗೂಳಿ, ಗೂಳಿಯಡಿ ಈ ಮೀನು, ಮೀನಿನಡಿ ನೀರು, ನೀರಿನಡಿ ಕತ್ತಲೆ. ಅಷ್ಟದಿಗ್ಗಜ, ಆದಿಶೇಷ, ಆದಿಕೂರ್ಮ ಎಂದು ಕೇಳಿ ಬೆಳೆದ ನಮಗೆ ಈ ಅಟ್ಟಣಿಗೆ ಹೊಸದಲ್ಲ. ಭೂಮಿ ಯಾವುದರ ಮೇಲೆ ನಿಂತಿದೆ ಎಂದು ಕೇಳುವ ಮಗು ಎಲ್ಲ ಊರಲ್ಲೂ ಇರುತ್ತದೆ. ಉತ್ತರ ಹೇಳಿ ಸುಸ್ತಾದ ಅಜ್ಜಿಯೂ ಇರುತ್ತಾಳೆ. ಅರ್ಜೆಂಟೀನಾದ ಬೋರ್ಹೆಸ್ 1957ರಲ್ಲಿ ಹೊರತಂದ ಕಾಲ್ಪನಿಕ ಪ್ರಾಣಿಗಳ ಪುಸ್ತಕದಲ್ಲಿ ಈ ಮೀನಿಗೂ ಒಂದು ಪುಟ ಕೊಟ್ಟ.

ಇಪ್ಪತ್ತು ವರ್ಷ ಕಳೆದು 1977ರ ಕೈಪಿಡಿಯಲ್ಲಿ ಮೀನಿಗೆ ರೆಕ್ಕೆ ಬಂತು, ಇನ್ನು ಹತ್ತು ವರ್ಷಕ್ಕೆ ಅದು ಜಪಾನಿಗೆ ಹಾರಿತು. ತಮಾಷೆಯೆಂದರೆ ಬೆಹೆಮೋತ್ ಕೂಡ ಬೇರೆ ದಾರಿಯಿಂದ ಅಲ್ಲಿಗೆ ಬಂದು ಸೇರಿದೆ. ಫೈನಲ್ ಫ್ಯಾಂಟಸಿಯ ಕಾಡುಮೇಡುಗಳಲ್ಲಿ ಕೊಂಬಿನ, ನೇರಳೆ ಬಣ್ಣದ, ದೈತ್ಯ ಚತುಷ್ಪಾದಿಯಾಗಿ ಅಲೆಯುತ್ತಿರುತ್ತದೆ. ಒಂದೇ ಪದದ ಎರಡು ಉಚ್ಚಾರ ಎರಡು ಪ್ರಾಣಿಗಳಾಗಿ ಒಂದೇ ಆಟದಲ್ಲಿ ಎದುರುಬದುರಾಗುತ್ತವೆ, ಪರಸ್ಪರ ಗುರುತೇ ಹತ್ತುವುದಿಲ್ಲ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಅಣ್ಣತಮ್ಮಂದಿರ ಸಿನಿಮಾ ಕೂಡ ಇಷ್ಟು ನಿರ್ದಯವಾಗಿರುವುದಿಲ್ಲ.

ಈ ಕಥೆಗೆ ಇನ್ನೂ ಒಂದು ತಿರುವಿದೆ. 2010ರಲ್ಲಿ ಸರಣಿಯ ಹದಿನಾಲ್ಕನೆಯ ಕಂತು ಬಂತು. ಸಾವಿರಾರು ಜನ ಒಟ್ಟಿಗೆ ಅಂತರ್ಜಾಲದಲ್ಲಿ ಆಡುವ ಆಟ. ಅದು ನೆಲಕಚ್ಚಿತು, ಕಂಪನಿ ಕ್ಷಮೆ ಕೇಳಿತು, ನಾವೊಕಿ ಯೊಶಿದಾ ಎಂಬ ಹೊಸ ನಿರ್ಮಾಪಕ ಬಂದ. ಹಳೆಯ ಆಟವನ್ನು ಮುಚ್ಚಿ ಹೊಸದನ್ನು ಕಟ್ಟಬೇಕಿತ್ತು. ಮುಚ್ಚುವುದನ್ನೇ ಕಥೆಯಾಗಿಸಿದರು. ಆಟದ ಆಕಾಶದಲ್ಲಿದ್ದ ಒಂದು ಚಂದ್ರ ತಿಂಗಳುಗಟ್ಟಲೆ ಹತ್ತಿರ ಹತ್ತಿರ ಬಂತು. 2012ರ ನವೆಂಬರ್ 11ರಂದು ಅದು ಒಡೆದು ಒಳಗಿಂದ ಬಹಮುತ್ ಹೊರಬಂದು ಆ ಲೋಕವನ್ನೇ ಸುಟ್ಟುಹಾಕಿತು. ಸರ್ವರ್‌ಗಳು ಆರಿದವು. ಮುಂದಿನ ಆಗಸ್ಟಿನಲ್ಲಿ ಹೊಸ ಆಟ ಶುರುವಾದಾಗ ಅದರ ಭೂಗೋಳದ ತುಂಬ ಆ ಸುಟ್ಟ ಕಲೆಗಳು. ಭೂಮಿಯನ್ನು ಹೊತ್ತು ನಿಂತಿದ್ದ ಮೀನು ಕಡೆಗೆ ಭೂಮಿಗೇ ಬೆಂಕಿಯಿಟ್ಟ ಡ್ರ್ಯಾಗನ್ ಆಯಿತು. ಹೆಸರಿನ ಮೂಲ ತಿಳಿದೇ ಹೀಗೆ ಮಾಡಿದ್ದರೆ ಅದು ದೊಡ್ಡ ವ್ಯಂಗ್ಯ. ತಿಳಿಯದೆ ಮಾಡಿದ್ದರೆ ಇನ್ನೂ ದೊಡ್ಡದು.

ಹೆಸರು ಊರು ಬಿಟ್ಟರೆ ಕಥೆಯನ್ನೂ ಬಿಟ್ಟುಬರುತ್ತದೆ ಎಂದು ನನ್ನ ಅಂದಾಜಿತ್ತು. ಅದನ್ನು ಸುಳ್ಳು ಮಾಡಿದವನು ಗಿಲ್ಗಮೆಶ್. ಅವನು ಬರಿಗೈಯಲ್ಲಿ ಬಂದವನಲ್ಲ, ಹೋದ ಊರಿನ ಕಥೆಯನ್ನೂ ಬಗಲಿಗೆ ಹಾಕಿಕೊಂಡವನು.

ಮೆಸೊಪೊಟೇಮಿಯಾದ ಗಿಲ್ಗಮೆಶ್ ಉರುಕ್ ನಗರದ ರಾಜ. ಗೆಳೆಯ ಎಂಕಿಡು ಸತ್ತಾಗ ಸಾವಿಲ್ಲದ ಬದುಕನ್ನು ಹುಡುಕಿಕೊಂಡು ಹೊರಟು ಬರಿಗೈಲಿ ಹಿಂತಿರುಗಿದವನು. ಫೈನಲ್ ಫ್ಯಾಂಟಸಿಯ ಐದನೆಯ ಕಂತಿನಲ್ಲಿ, 1992ರದು, ಇವನೊಬ್ಬ ಕೆಂಪು ಅಂಗಿಯ ಬಡಾಯಿಕೋರ. ಸೋತಾಗಲೆಲ್ಲ ಏನೋ ನೆಪ ಹೇಳಿ ಓಡುತ್ತಾನೆ, ಮತ್ತೆ ಬರುತ್ತಾನೆ. ಒಂದು ಸಲ ಎಂಕಿಡುವನ್ನೂ ಕರೆತರುತ್ತಾನೆ. ಇವನಿಗೆ ಕತ್ತಿ ಕೂಡಿಸುವ ಹುಚ್ಚು. ಹೆಸರಾಂತ ಎಕ್ಸ್‌ಕ್ಯಾಲಿಬರ್ ಕತ್ತಿ ಸಿಕ್ಕಿತೆಂದು ಕುಣಿದಾಡುತ್ತಾನೆ, ಬೀಸಿದರೆ ಎದುರಾಳಿಗೆ ಆಗುವ ಪೆಟ್ಟು ಒಂದೇ ಒಂದು ಅಂಕ. ಅದು ಎಕ್ಸ್‌ಕ್ಯಾಲಿಬರ್ ಅಲ್ಲ, ಎಕ್ಸ್‌ಕ್ಯಾಲಿಪರ್, ನಕಲಿ ಮಾಲು. ಅವನ ಪ್ರಸಿದ್ಧ ಕಾಳಗ ನಡೆಯುವುದು ಒಂದು ದೊಡ್ಡ ಸೇತುವೆಯ ಮೇಲೆ. ಅಲ್ಲಿ ಬಾರಿಸುವ ಸಂಗೀತವನ್ನು ಅಕ್ಕನ ಮಗ ಸ್ನಾನದ ಮನೆಯಲ್ಲೂ ಗುನುಗುತ್ತಾನೆ.

ಸೇತುವೆಯ ಮೇಲೆ ನಿಂತು ಕತ್ತಿ ಕೂಡಿಸುವವನು ಎಂದರೆ ಜಪಾನಿನ ಮಗುವಿಗೆ ತಟ್ಟನೆ ಹೊಳೆಯುವುದು ಉರುಕ್ ಅಲ್ಲ, ಕ್ಯೋಟೊ. ಹನ್ನೆರಡನೆಯ ಶತಮಾನದ ಯೋಧಸನ್ಯಾಸಿ ಬೆಂಕೆಯ್ ಸೇತುವೆ ದಾಟುವ ವೀರರನ್ನೆಲ್ಲ ತಡೆದು ಸೋಲಿಸಿ ಕತ್ತಿ ಕಿತ್ತುಕೊಳ್ಳುತ್ತಿದ್ದನಂತೆ. 999 ಕತ್ತಿ ಕೂಡಿದವು. ಸಾವಿರನೆಯದಕ್ಕಾಗಿ ಕಾದಾಗ ಕೊಳಲೂದುತ್ತ ಬಂದವನು ಎಳೆಯ ಯೊಶಿತ್ಸುನೆ. ಬೆಂಕೆಯ್ ಸೋತು ಅವನ ಬಂಟನಾದ. ಯೊಶಿತ್ಸುನೆಯದು ಮಿನಾಮೊತೊ ವಂಶ, ಅದರ ಇನ್ನೊಂದು ಹೆಸರು ಗೆಂಜಿ. ಆಟದಲ್ಲಿ ಗಿಲ್ಗಮೆಶನಿಂದ ಕದಿಯಬಹುದಾದ ಕವಚ, ಶಿರಸ್ತ್ರಾಣಗಳಿಗೂ ಗೆಂಜಿ ಎಂದೇ ಹೆಸರು. ಬ್ಯಾಬಿಲೋನಿನ ಹೆಸರು, ಕ್ಯೋಟೊದ ಜೀವ, ಕೈಯಲ್ಲಿ ಬ್ರಿಟನ್ನಿನ ರಾಜ ಆರ್ಥರನ ಕತ್ತಿಯ ನಕಲು. ನಮ್ಮ ಬಯಲಾಟದ ಹಾಸ್ಯಗಾರನ ಜೊತೆ ಇವನನ್ನು ರಂಗಕ್ಕೆ ಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ.

ಎಲ್ಲ ಸಾಲವೂ ಇಷ್ಟು ಚೆನ್ನಾಗಿ ಒಗ್ಗಿದೆ ಎನ್ನಲಾರೆ. ಉತ್ತರ ಯೂರೋಪಿನ ಓಡಿನ್ ಈಟಿಯ ದೇವರು, ಅವನ ಗುಂಗ್ನಿರ್ ಈಟಿಗೆ ಗುರಿ ತಪ್ಪದು. ಆಟದಲ್ಲಿ ಅವನ ಕುದುರೆ ಉಳಿದಿದೆ, ಆದರೆ ಕೈಗೆ ಬಹುಪಾಲು ಜಪಾನಿ ಹೆಸರಿನ ಕತ್ತಿ ಬಂದಿದೆ. ರಾಗ್ನರೋಕ್ ಎಂದರೆ ಅದೇ ಪುರಾಣದಲ್ಲಿ ದೇವತೆಗಳೆಲ್ಲ ಅಳಿಯುವ ಗಳಿಗೆ. ಇಲ್ಲಿ ಅದೂ ಒಂದು ಕತ್ತಿ. ಎಂಟನೆಯ ಕಂತಿನಲ್ಲಿ ಒಂದು ಆಕಾಶನೌಕೆ. ನಮ್ಮವರು ಯಾರಾದರೂ ಬಸ್ಸಿಗೆ 'ಪ್ರಳಯ' ಎಂದು ಬರೆಸಿದರೆ ನಾನಂತೂ ಹತ್ತುವುದಿಲ್ಲ. ಇನ್ನು 1997ರ ಏಳನೆಯ ಕಂತಿನ ಹೆಸರಾಂತ ಖಳನಾಯಕ ಸೆಫಿರೋತ್. ಯಹೂದಿ ಅನುಭಾವದ ಕಬ್ಬಾಲಾ ಪರಂಪರೆಯಲ್ಲಿ ದೈವಶಕ್ತಿ ಹೊಮ್ಮುವ ಹತ್ತು ನೆಲೆಗಳಿಗೆ ಒಟ್ಟಾಗಿ ಸೆಫಿರೋತ್ ಎನ್ನುತ್ತಾರೆ, ಬಹುವಚನ. ಒಬ್ಬ ಆಳಿಗೆ ಆ ಹೆಸರಿಡುವುದೆಂದರೆ ಮಗುವಿಗೆ 'ನವಗ್ರಹಗಳು' ಎಂದು ನಾಮಕರಣ ಮಾಡಿದ ಹಾಗೆ.

ಅದೇ ಕಂತಿನಲ್ಲಿ ಒಂದು ಜೌಗು ನೆಲ ಬರುತ್ತದೆ. ಅದರಲ್ಲೊಂದು ಹೆಬ್ಬಾವಿನಂಥ ಭಾರೀ ಸರ್ಪ. ಆಚೆ ದಡದಲ್ಲಿ ಸೆಫಿರೋತ್ ಅದೇ ಜಾತಿಯ ಇನ್ನೊಂದನ್ನು ಮರಕ್ಕೆ ಚುಚ್ಚಿ ನಿಲ್ಲಿಸಿ ಹೋಗಿರುತ್ತಾನೆ. ಇಂಗ್ಲಿಷ್ ಆವೃತ್ತಿಯಲ್ಲಿ ಆ ಸರ್ಪದ ಹೆಸರು ಮಿಡ್ಗಾರ್ ಜೊಲೊಮ್. ಜೊಲೊಮ್ ಎಂದರೇನು? ಏನೂ ಅಲ್ಲ. ಉತ್ತರ ಯೂರೋಪಿನ ಪುರಾಣದಲ್ಲಿ ಮನುಷ್ಯಲೋಕವಾದ ಮಿದ್‌ಗಾರ್ಡನ್ನು ಸುತ್ತುವರಿದು ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಮಹಾಸರ್ಪ 'ಮಿದ್‌ಗಾರ್ಡ್ಸ್ ಓರ್ಮ್'. ಓರ್ಮ್ ಎಂದರೆ ಹಾವು. ಜಪಾನಿನ ಕಟಕಾನ ಲಿಪಿಯಲ್ಲಿ ಅದು 'ಮಿದೊಗಾರುಜು ಒರುಮು' ಎಂದಾಯಿತು. ರಕಾರ ಲಕಾರಕ್ಕೆ ಅಲ್ಲಿ ಒಂದೇ ಅಕ್ಷರ. ಅದನ್ನು ಇಂಗ್ಲಿಷಿಗೆ ತರುವವರಿಗೆ ಆಟದಲ್ಲಿ ಮಿಡ್ಗಾರ್ ಎಂಬ ನಗರ ಇರುವುದು ಗೊತ್ತಿತ್ತು. ಅದನ್ನು ಬೇರೆ ಮಾಡಿ ಉಳಿದದ್ದನ್ನು 'ಜೊಲೊಮ್' ಎಂದು ಕೂಡಿಸಿ ಓದಿದರು. ಮಡಿಕೇರಿ ಮರ್ಕೆರಾ ಆದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮರ್ಕೆರಾ ಮತ್ತೆ ಮಡಿಕೇರಿಯಾಯಿತು. ಜೊಲೊಮ್ ಮಾತ್ರ ಅಂದಿನ ಮಕ್ಕಳ ತಲೆಯಲ್ಲಿ ಹಾಗೇ ಉಳಿದು, ಅವರ ಮಟ್ಟಿಗೆ ಅದೂ ಒಂದು ಪುರಾಣ.

ನಮ್ಮ ದೇವತೆಗಳ ವಿಷಯಕ್ಕೆ ಬರೋಣ. ಜಪಾನಿಗೆ ಅವರು ಪರಕೀಯರಲ್ಲ, ಸಾವಿರ ವರ್ಷಕ್ಕೂ ಹಿಂದೆ ಬೌದ್ಧಧರ್ಮದ ಜೊತೆ ಚೀನಾ, ಕೊರಿಯಾ ದಾಟಿ ಅಲ್ಲಿಗೆ ಹೋದವರು. ಸರಸ್ವತಿ ಬೆಂಜೈತೆನ್ ಆದಳು, ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ಲಕ್ಷ್ಮಿ ಕಿಚಿಜೋತೆನ್, ಇಂದ್ರ ತೈಶಕುತೆನ್, ಗರುಡ ಕರುರ. ಶಿವನ ಉಗ್ರರೂಪವಾದ ಮಹಾಕಾಲನದು ಎಲ್ಲಕ್ಕಿಂತ ಸೊಗಸು. ಅವನು ಅಲ್ಲಿ ದೈಕೊಕುತೆನ್ ಆಗಿ, ಭುಜದ ಮೇಲೆ ಗಂಟು ಹೊತ್ತು, ಕೈಲಿ ಕೊಡತಿ ಹಿಡಿದು, ಅಕ್ಕಿಮೂಟೆಗಳ ಮೇಲೆ ನಿಂತು ನಗುವ ಡೊಳ್ಳುಹೊಟ್ಟೆಯ ಸಿರಿದೇವರು. ಮಹಾಕಾಲನ ಹೊಟ್ಟೆ ಬೆಳೆಸಿ ನಗಿಸಿದ ನಾಡಿಗೆ ಶಿವನನ್ನು ಹಿಮದ ಹೆಣ್ಣು ಮಾಡುವುದು ಎಷ್ಟರದು?

ಆದರೆ ಒಂದು ಸೂಕ್ಷ್ಮವಿದೆ. ಆಟದವರು ಹೆಸರು ತೆಗೆದದ್ದು ಈ ಹಳೆಯ ಬಾಗಿಲಿನಿಂದಲ್ಲ. ಹಾಗಿದ್ದರೆ ಗರುಡನಿಗೆ 'ಕರುರ' ಎನ್ನಬೇಕಿತ್ತು, ಅಸುರನಿಗೆ 'ಅಶುರ' ಎನ್ನಬೇಕಿತ್ತು, ಬರೆಯುವುದಕ್ಕೆ ಚೀನೀ ಅಕ್ಷರಗಳಿದ್ದವು. ಅವರು ಬರೆದದ್ದು ಪರದೇಶದ ಪದಗಳಿಗೆ ಮೀಸಲಾದ ಕಟಕಾನದಲ್ಲಿ: ಗರೂದ, ಅಸುರ, ಶಿವ. ಬುದ್ಧನ ಜೊತೆ ಬಂದು ನೆಂಟರಾಗಿದ್ದವರನ್ನು ಮರೆತು, ಆಧುನಿಕ ಪುರಾಣಕೋಶದ ಪುಟದಿಂದ ಅವರನ್ನೇ ಹೊಸಬರೆಂಬಂತೆ ಕರೆತಂದರು. ಗುಡಿಯಲ್ಲಿರುವ ಕರುರನಿಗೂ ಆಟದ ಗರೂದನಿಗೂ ನಂಟು ಹೊಳೆಯದ ಜಪಾನಿ ಹುಡುಗನ ಮೇಲೆ ಸಿಟ್ಟಾಗುವುದು ಬೇಡ. 'ರಾಕ್ಷಸ' ಮತ್ತು 'ರಕ್ಕಸ' ಒಂದೇ ಎಂದು ನಮಗೂ ಮೇಷ್ಟ್ರು ಹೇಳಬೇಕಾಯಿತು.

ಅಸುರನ ಪಾಡು ನೋಡಿ. ನಾರಾದ ಕೊಫುಕುಜಿ ದೇವಾಲಯದಲ್ಲಿ ಕ್ರಿ.ಶ. 734ರ ಒಂದು ಅಶುರ ವಿಗ್ರಹವಿದೆ. ಮೂರು ಮುಖ, ಆರು ಸಪೂರ ತೋಳು, ಹುಬ್ಬು ಗಂಟಿಕ್ಕಿದ ಎಳೆಯನ ಮುಖ. ಬುದ್ಧನಿಗೆ ಶರಣಾಗಿ ಕಾವಲಿಗೆ ನಿಂತ ಎಂಟು ಮಂದಿಯಲ್ಲಿ ಅವನೊಬ್ಬ. 1991ರ ನಾಲ್ಕನೆಯ ಫೈನಲ್ ಫ್ಯಾಂಟಸಿಯಲ್ಲಿ ಆ ಮೂರು ಮುಖ ಉಳಿದವು, ಉಳಿದದ್ದು ಬದಲಾಯಿತು. ಅಸುರ ಅಲ್ಲಿ ರಾಣಿ. ಮಾಯಾಜೀವಿಗಳ ಪಾತಾಳಲೋಕವನ್ನು ಆಳುವವಳು, ಕಡಲ ಸರ್ಪ ಲೆವಿಯಥನ್‌ನ ಹೆಂಡತಿ. ಕರೆದರೆ ಬಂದು ಗಾಯ ಮಾಯಿಸುತ್ತಾಳೆ, ಬಿದ್ದವರನ್ನು ಎಬ್ಬಿಸುತ್ತಾಳೆ. ಅಪಚಾರವೆನ್ನುವ ಮೊದಲು ನಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಬೇಕು. ಋಗ್ವೇದದಲ್ಲಿ ಅಸುರ ಎಂಬುದು ವರುಣನಂಥವರಿಗೆ ಸಲ್ಲುತ್ತಿದ್ದ ಹೊಗಳಿಕೆ. ಪಕ್ಕದ ಇರಾನಿನಲ್ಲಿ ಅದೇ ಪದ 'ಅಹುರ' ಆಗಿ ಪರಮದೇವನ ಹೆಸರನ್ನು ಸೇರಿತು. ಇಲ್ಲಿ ಅದು ನಿಧಾನವಾಗಿ ಬೈಗುಳವಾಯಿತು. ಮೇಲೆ ಅದರ ಮೊದಲಕ್ಷರವನ್ನು 'ಅಲ್ಲದ' ಎಂಬ ಅರ್ಥದ್ದೆಂದು ತಪ್ಪಾಗಿ ತಿಳಿದು, ಅದನ್ನು ಕಿತ್ತು, 'ಸುರ' ಎಂಬ ಹೊಸ ಪದವನ್ನೇ ಹುಟ್ಟಿಸಿಕೊಂಡೆವು. ಜೊಲೊಮ್ ಮಾಡಿದವರು ನಮ್ಮಲ್ಲೂ ಇದ್ದರು.

ಗರುಡನೂ ಹಾಗೆ. 1990ರ ಮೂರನೆಯ ಕಂತಿನಲ್ಲಿ ರಾಜನನ್ನು ವಂಚಿಸುವ ಮಂತ್ರಿಯೊಬ್ಬ ಗರುಡನ ರೂಪ ತಾಳಿ ಎರಗುತ್ತಾನೆ. 2013ರ ಹೊಸ ಹದಿನಾಲ್ಕರಲ್ಲಿ ಮತ್ತು 2023ರ ಹದಿನಾರರಲ್ಲಿ ಗರುಡ ಬಿರುಗಾಳಿಯ ಉಗ್ರ ಹೆಣ್ಣು. ವಿನತೆಯ ಮಗ ಇವನ್ನೆಲ್ಲ ಕಂಡರೆ ಏನೆನ್ನುತ್ತಾನೋ. ಆದರೆ ಕನ್ನಡ ನಾಡಿನಲ್ಲೂ ಗರುಡ ಬರೀ ಹಕ್ಕಿಯಾಗಿ ಉಳಿಯಲಿಲ್ಲ. ಹೊಯ್ಸಳರ ಕಾಲದಲ್ಲಿ ದೊರೆಯ ಜೊತೆಗೇ ಪ್ರಾಣ ಬಿಡುವೆನೆಂದು ಪಣ ತೊಟ್ಟ ಬಂಟನಿಗೆ ಗರುಡ ಎನ್ನುತ್ತಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ನೆನಪಿನದು. ತಮ್ಮ ತಲೆಯನ್ನು ತಾವೇ ಕೊಟ್ಟುಕೊಳ್ಳುವ ವೀರರ ಚಿತ್ರಗಳು ಆ ಕಂಬದ ಮೇಲಿವೆ. ಅವರಿಗೆ ರೆಕ್ಕೆಯಿಲ್ಲ, ಕೊಕ್ಕಿಲ್ಲ. ಒಡೆಯನನ್ನು ಬಿಡದ ವಾಹನ ಎಂಬ ಒಂದೇ ಎಳೆ ಹಿಡಿದು ಹೆಸರು ಹಕ್ಕಿಯಿಂದ ಮನುಷ್ಯನಿಗೆ ದಾಟಿತ್ತು.

ಶಿವ, ಅಸುರ ಇವರು ಅಮೆರಿಕ ಮುಟ್ಟಿದಾಗ ನಡೆದದ್ದು ಬೇರೆಯೇ ಪ್ರಹಸನ. ಆಗ ನಿಂಟೆಂಡೊದ ಅಮೆರಿಕ ಶಾಖೆ ತನ್ನ ಯಂತ್ರದಲ್ಲಿ ಆಡುವ ಆಟಗಳಲ್ಲಿ ಧಾರ್ಮಿಕ ಗುರುತುಗಳಿರಬಾರದು ಎನ್ನುತ್ತಿತ್ತು. 1991ರಲ್ಲಿ ನಾಲ್ಕನೆಯ ಕಂತು ಅಲ್ಲಿಗೆ ಹೋದಾಗ 'ಪವಿತ್ರ' ಎಂಬರ್ಥದ ಮಂತ್ರದ ಹೆಸರು 'ಬಿಳಿ' ಎಂದಾಯಿತು. ಪ್ರಾರ್ಥನೆಯ ಗೋಪುರ ಹಾರೈಕೆಯ ಗೋಪುರವಾಯಿತು. ದೇವರ ವಾಸನೆ ಬಂದದ್ದನ್ನೆಲ್ಲ ತೊಳೆದರು. ಶಿವನನ್ನು ಮುಟ್ಟಲಿಲ್ಲ. ಅಸುರಳನ್ನೂ ಮುಟ್ಟಲಿಲ್ಲ. ಅಷ್ಟು ಸಾಲದೆಂಬಂತೆ, ಜಪಾನಿನ ಮೂಲದಲ್ಲಿ 'ರಾಮು' ಎಂದಿದ್ದ ಸಿಡಿಲಿನ ಮುದುಕನ ಹೆಸರು ತೆಗೆದು ಅಲ್ಲಿ ಹೊಸದಾಗಿ 'ಇಂದ್ರ' ಎಂದು ಬರೆದರು. ಧರ್ಮವನ್ನು ಹೊರಹಾಕಲು ಕೂತವರೇ ಇನ್ನೊಬ್ಬ ದೇವರನ್ನು ಒಳಕ್ಕೆ ಕರೆದರು.

ಇದರಲ್ಲಿ ಕುಹಕವೇನೂ ಇರಲಿಲ್ಲ, ಅದೇ ನನ್ನನ್ನು ಚುಚ್ಚುವುದು. ತಮ್ಮ ದೇವರು ಧರ್ಮ, ಬೇರೆಯವರದು ಪುರಾಣ. ಪುರಾಣವೆಂದರೆ ಬೀಗವಿಲ್ಲದ ಉಗ್ರಾಣ. ಓಡಿನ್‌ನನ್ನು ಕೋಟ್ಯಂತರ ಜನ ಬೆಳಗ್ಗೆ ಎದ್ದು ನೆನೆಯುವುದಿಲ್ಲ. ತಿಯಾಮತ್‌ಗೆ ಯಾರೂ ಸೋಮವಾರ ಉಪವಾಸ ಮಾಡುವುದಿಲ್ಲ. ಶಿವನ ಹೆಸರು ಅದೇ ಪಟ್ಟಿಯಲ್ಲಿ ಅದೇ ಅಳತೆಯ ಅಕ್ಷರದಲ್ಲಿ ನಿಂತಾಗ, ಉಳಿದವು ಪಾಳುಗುಡಿ, ಇದು ಮಾತ್ರ ದೀಪ ಉರಿಯುತ್ತಿರುವ ಗುಡಿ ಎಂಬುದು ಅಂಗಡಿಯವನಿಗೆ ಕಾಣುವುದಿಲ್ಲ. 2012ರಲ್ಲಿ ಸ್ಮೈಟ್ ಎಂಬ ಅಮೆರಿಕನ್ ಆಟದಲ್ಲಿ ಕಾಳಿಯನ್ನು ಅರೆಬೆತ್ತಲೆ ಹೋರಾಟಗಾರ್ತಿಯಾಗಿ ನಿಲ್ಲಿಸಿದಾಗ ಅಲ್ಲಿನ ಹಿಂದೂಗಳು ತಕರಾರು ಎತ್ತಿದ್ದು ಈ ಕಾರಣಕ್ಕೇ. ಕಾಳಿ ಆಟದಲ್ಲೇ ಉಳಿದಳು. ನನಗೆ ಇಂಥದರಲ್ಲಿ ದೇವರಿಗೆ ಅವಮಾನವಾಯಿತು ಎನ್ನಿಸುವುದಕ್ಕಿಂತ ಸೋಮಾರಿತನ ಎದ್ದು ಕಾಣುತ್ತದೆ. ಹೆಸರು ಬೇಕು, ಹೆಸರಿನ ಹಿಂದಿನದು ಬೇಡ. ಹದಿಮೂರನೆಯ ಫೈನಲ್ ಫ್ಯಾಂಟಸಿಯಲ್ಲಿ ಶಿವ ಎಂದರೆ ಅಕ್ಕತಂಗಿಯರ ಜೋಡಿ, ಇಬ್ಬರೂ ಸೇರಿ ಒಂದು ಮೋಟಾರ್‌ಸೈಕಲ್ ಆಗುತ್ತಾರೆ. ಅದನ್ನು ಕಂಡು ಸಿಟ್ಟು ಬರಲಿಲ್ಲ, ನಗು ಬಂತು. ನಂದಿ ಏನು ತಪ್ಪು ಮಾಡಿದ್ದ?

ಸೋಮಾರಿಗಳಲ್ಲದವರೂ ಇದೇ ಅಂಗಡಿಯಲ್ಲಿದ್ದಾರೆ. ಸುಟ್ಟು ಬೂದಿಯಾಗಿ ಮರಳಿ ಹುಟ್ಟಿದ ಹದಿನಾಲ್ಕನೆಯ ಕಂತಿನಲ್ಲಿ 2015ರ ಅಧ್ಯಾಯಕ್ಕೆ ರಾವಣ ಬರುತ್ತಾನೆ. ನಾಲ್ಕು ಕೈ, ನಾಲ್ಕು ಕತ್ತಿ, ಕೀಟದ ಮೈ. ಲಂಕೆಯಿಲ್ಲ, ಹತ್ತು ತಲೆಯ ಸುಳಿವಿಲ್ಲ. ಆದರೆ ಅವನ ಕೊನೆಯ ಮಹಾಪ್ರಹಾರದ ಹೆಸರು ಚಂದ್ರಹಾಸ. ರಾಮಾಯಣದ ರಾವಣನಿಗೆ ಶಿವ ಕೊಟ್ಟ ಖಡ್ಗದ ಹೆಸರದು. ಯಾರೋ ಕೂತು ಓದಿದ್ದಾರೆ. ಕನ್ನಡಿಗನ ಕಿವಿಗೆ ಆ ಹೆಸರು ಬಿದ್ದರೆ ಮೊದಲು ಖಡ್ಗ ನೆನಪಾಗುವುದಿಲ್ಲ ಎಂಬುದು ಬೇರೆ ಮಾತು. ಲಕ್ಷ್ಮೀಶನ ಜೈಮಿನಿ ಭಾರತದ ಅನಾಥ ಹುಡುಗ, ಕುಂತಳದ ಅರಸನಾದ ಚಂದ್ರಹಾಸ ಮೊದಲು ಬರುತ್ತಾನೆ. 2017ರ ಅಧ್ಯಾಯದಲ್ಲಿ ಅನಂತ ಎಂಬ ನಾಗಸ್ತ್ರೀಯರ ಕುಲ. ಅದರಲ್ಲಿ ವೀರ, ಕಲ್ಯಾಣ ಎಂದು ಎರಡು ಪಂಗಡ. ಕಲ್ಯಾಣದ ರಾಣಿ ಮಗಳನ್ನು ಕಳೆದುಕೊಂಡ ದುಃಖದಲ್ಲಿ ಕರೆಯುವ ದೇವತೆ ಲಕ್ಷ್ಮಿ.

2021ರ ಅಧ್ಯಾಯದಲ್ಲಿ ಭಾರತದ ಬಣ್ಣಗಳ ಒಂದು ದ್ವೀಪವೇ ಇದೆ, ಹೆಸರು ಥವ್ನೇರ್. ಅಲ್ಲಿ ಆನೆಯ ಮುಖದ ಜನರಿದ್ದಾರೆ. ಅವರಿಗೆ ಮಾತಂಗ ಎಂಬ ಹೆಸರಿದೆ, ಅದು ನಿಘಂಟು ಬಲ್ಲ ಯಾವ ಕನ್ನಡಿಗನಿಗೂ ಗೊತ್ತು. ಇಂಗ್ಲಿಷ್ ಆವೃತ್ತಿಯಲ್ಲಿ ಅವರು ತಮ್ಮನ್ನು ತಾವು ಕರೆದುಕೊಳ್ಳುವುದು ಅರ್ಕಸೋದರ ಎಂದು. ನಾನು ಇದನ್ನು ಕೇಳಿ ಎದ್ದು ಹೋಗಿ ಸಂಸ್ಕೃತ ಕೋಶ ತೆಗೆದೆ. ಸೂರ್ಯನ ಒಡಹುಟ್ಟಿದವನು, ಅಂದರೆ ಐರಾವತ. ಆನೆಮೊಗದವರಿಗೆ ಗಣೇಶ ಎಂದಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಪೂಜೆಗೊಳ್ಳುವ ದೇವರನ್ನು ಬಿಟ್ಟು ಕೋಶದ ಮೂಲೆಯಲ್ಲಿ ಮಲಗಿದ್ದ ಪದವನ್ನು ಎಬ್ಬಿಸಿ ತಂದಿದ್ದಾರೆ. ಆ ಅನುವಾದಕ ಯಾರೋ, ಅವನಿಗೆ ಒಂದು ಲೋಟ ಕಾಫಿ ಕೊಡಿಸಬೇಕು.

ಅದೇ ದ್ವೀಪವನ್ನು ಕಾಯುವ ಡ್ರ್ಯಾಗನ್ನಿನ ಹೆಸರು ವೃತ್ರ. ಋಗ್ವೇದದಲ್ಲಿ ನೀರನ್ನೆಲ್ಲ ಸುತ್ತಿಕೊಂಡು ಮಲಗಿ, ಇಂದ್ರನ ವಜ್ರಕ್ಕೆ ಬಲಿಯಾದ ಸರ್ಪ ಅವನು. ಆಟದಲ್ಲಿ ಅವನ ಒಡಹುಟ್ಟಿದವರ ಪಟ್ಟಿ ಓದಿದರೆ ತಲೆ ತಿರುಗುತ್ತದೆ: ಬ್ಯಾಬಿಲೋನಿನ ತಿಯಾಮತ್, ಅರಬ್ಬರ ಬಹಮುತ್, ಪರ್ಷಿಯಾದ ಅಜ್ದಾಜ, ಉತ್ತರ ಯೂರೋಪಿನ ನಿದ್‌ಹೊಗ್. ಇವರೆಲ್ಲರ ತಂದೆ ಯಾರೆಂದರೆ ಮಿದ್‌ಗಾರ್ಡ್ಸ್ ಓರ್ಮ್, ಈ ಸಲ ಕಾಗುಣಿತ ತಪ್ಪಿಲ್ಲದೆ. ಪರ್ಷಿಯಾದ 'ಅಜಿ' ಮತ್ತು ವೇದದಲ್ಲಿ ವೃತ್ರನಿಗಿರುವ 'ಅಹಿ' ಎಂಬ ಹೆಸರು ನಿಜಕ್ಕೂ ಒಂದೇ ಬಳ್ಳಿಯ ಕಾಯಿಗಳು. ಆಟದವರು ಕಟ್ಟಿದ ಕುಟುಂಬದಲ್ಲಿ ಈ ಇಬ್ಬರ ಮಟ್ಟಿಗಾದರೂ ಭಾಷಾಶಾಸ್ತ್ರಿಗಳ ಸಹಿ ಇದೆ. ಆಟದ ವೃತ್ರ ನೀರನ್ನು ತಡೆದವನಲ್ಲ. ಜನರ ನಡುವೆಯೇ ತನ್ನನ್ನು ಮರೆಸಿಕೊಂಡು, ಅವರನ್ನು ಪ್ರೀತಿಸಿ ಆಳುವವನು.

"ಮಾವ, ನಿಜವಾದ ವೃತ್ರ ಕೆಟ್ಟವನಾ?" ಎಂದು ಅಕ್ಕನ ಮಗ ಒಂದು ಸಂಜೆ ಕೇಳಿದ. ವೇದದ ವೃತ್ರ ಒಬ್ಬ, ಭಾಗವತದ ವೃತ್ರ ಇನ್ನೊಬ್ಬ, ಎರಡನೆಯವನು ಸಾಯುವ ಮೊದಲು ಇಂದ್ರನಿಗೇ ಭಕ್ತಿಯ ಪಾಠ ಹೇಳುತ್ತಾನೆ ಎಂದು ಶುರುಮಾಡಿದೆ. ಅವನನ್ನು ಕೊಂದ ಇಂದ್ರ ಬ್ರಹ್ಮಹತ್ಯೆಗೆ ಹೆದರಿ ತಾವರೆಯ ನಾಳದಲ್ಲಿ ಅಡಗಿದ ಎನ್ನುವಷ್ಟರಲ್ಲಿ ಹುಡುಗನ ಕಣ್ಣು ಅರಳಿತ್ತು. ಇದು ಆಟದಲ್ಲಿ ಯಾಕಿಲ್ಲ ಎಂದು ಕೇಳಿದ. ಪುಣೆಯ ಹುಡುಗರು 2020ರಲ್ಲಿ ರಾಜಿ ಎಂಬ ಆಟ ಮಾಡಿದ್ದಾರೆ, ದುರ್ಗೆ ಮತ್ತು ವಿಷ್ಣು ಕಥೆ ಹೇಳುತ್ತಾರೆ, ಅದನ್ನು ಆಡು ಎಂದೆ. ಅದು ಆಗಲೇ ಮುಗಿಸಿಯಾಗಿತ್ತಂತೆ.

ಮೊನ್ನೆ ಮತ್ತೆ ಅದೇ ಮಂಜು, ಅದೇ ಚಿಟಿಕೆ. ಈ ಸಲ ಅಮ್ಮ ಮೊರವನ್ನು ಕಂಕುಳಲ್ಲಿಟ್ಟುಕೊಂಡೇ ಎದ್ದು ಬಂದಳು. ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಒಂದು ನಿಮಿಷ ನೋಡಿದಳು. ಮೈಯೆಲ್ಲ ಹಿಮ, ಕಾಲಡಿ ಹಿಮ, ಉಸಿರೂ ಹಿಮ.

"ಇವಳು ಹಿಮವಂತನ ಮಗಳಲ್ವೇನೋ?" ಎಂದಳು. "ಶಿವ ಯಾಕಾಗ್ತಾಳೆ, ಶಿವೆ. ಪಾರ್ವತಿ. ಲಲಿತಾ ಸಹಸ್ರನಾಮದಲ್ಲೇ ಇದೆ ಆ ಹೆಸರು. ಬರೆದವರಿಗೆ ಒಂದು ದೀರ್ಘ ಹಾಕೋದು ಗೊತ್ತಾಗಿಲ್ಲ, ಅಷ್ಟೆ."

ಇಂಗ್ಲಿಷಿನಲ್ಲಿ ಶಿವನಿಗೂ ಶಿವಾಗೂ ಒಂದೇ ಕಾಗುಣಿತ. ಎಷ್ಟು ಪುಸ್ತಕ ತಿರುವಿದರೂ ನನಗೆ ಇದು ಹೊಳೆದಿರಲಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಒಳಗೆ ಹೋಗಿ ಕೂತಾಗಿತ್ತು. ಹುಡುಗನಿಗೆ ಕೇಳಿಸಿತೋ ಇಲ್ಲವೋ, ಪರದೆಯ ಮೇಲೆ ನೆಲ ಬಿರಿದು ಬೆಂಕಿ ಏಳುತ್ತಿತ್ತು. ಸೊಲೊಮನ್ ರಾಜನ ಆಸ್ಥಾನದಿಂದ ಹೊರಟ ಇಫ್ರಿತ್ ಬರುವ ಹೊತ್ತಾಗಿತ್ತು.